ಬೋರಲಿಟ್ಟ ಕಪ್

ಕುವೋಪಿಯೊ, ಫಿನ್ಲೆಂಡ್
ಸೋಮವಾರ, 14 ನವೆಂಬರ್ 1988

ಅಪ್ಪನಿಗೆ,

ಒಂದು ವರ್ಷದಿಂದ ಪ್ರತಿ ಸೋಮವಾರ ಅಮ್ಮನಿಗೆ ಬರೆಯುತ್ತಿದ್ದೇನೆ. ಅವಳ ಉತ್ತರದ ಕೊನೆಯಲ್ಲಿ ನೀವು ಹಾಲಿನ ರಶೀದಿಗೆ ಹಾಕುವ ಹಾಗೆ 'ವಿ. ಟ್ಯೂಲರ್' ಎಂದು ಸಹಿ ಹಾಕುತ್ತೀರಿ. ಅದನ್ನೇ ಪತ್ರವೆಂದು ತಿಳಿದು ಈಗ ನಿಮಗೆ ಉತ್ತರ ಬರೆಯುತ್ತಿದ್ದೇನೆ.

ಕಾರಣವಿದೆ. ನನಗೆ ಕುವೋಪಿಯೊಗೆ ವರ್ಗವಾಗಿದೆ, ಮೂವತ್ತು ವರ್ಷದ ಹಿಂದೆ ನೀವು ಮಿಷನರಿಯಾಗಿ ಸೈಕಲ್ ತುಳಿದ ಊರಿಗೆ. ಪೂಯಿಯೊ ಗುಡ್ಡ ಅಲ್ಲೇ ಇದೆ. ಸರೋವರವೂ ಇದೆ, ಅಂಚಿನಲ್ಲಿ ಐಸು ಕಟ್ಟಲು ಶುರುವಾಗಿದೆ. ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮನೆಗೆ ಹೋಗುತ್ತಾನೆ. ನಾವು ಮಾತ್ರ ಬೀದಿಯಲ್ಲಿರುತ್ತೇವೆ.

ಜೊತೆಗಾರ ಎಲ್ಡರ್ ಪಲ್ಸಿಫರ್ ಅರಿಜೋನಾದವನು, ಹಿಮ ನೋಡಿದ್ದು ಇದೇ ಮೊದಲು. ಮಿಷನರಿಗಳು ಒಬ್ಬರನ್ನೊಬ್ಬರು ಬಿಟ್ಟು ಕದಲಬಾರದು ಎಂಬ ನಿಯಮದಿಂದಾಗಿ ಅವನು ಜಾರಿ ಬೀಳುವುದಕ್ಕೆಲ್ಲ ನಾನೇ ಸಾಕ್ಷಿ. ಆರೂವರೆಗೆ ಏಳುವುದು, ಎರಡು ಗಂಟೆ ಓದು, ಓಟ್ಸ್ ಗಂಜಿ, ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಬಿಲ್ಲೆ, ಆಮೇಲೆ ಬಾಗಿಲುಗಳು. ಬಾಗಿಲು ತೆರೆಯುತ್ತದೆ, ನಾವು ನಗುತ್ತೇವೆ, "ಮಾರ್ಮನ್ನರಾ? ಬೇಡ" ಎನ್ನುತ್ತಾರೆ, ಬಾಗಿಲು ಮುಚ್ಚುತ್ತದೆ. ಇಲ್ಲಿಯವರು ದಢಾರನೆ ಹಾಕುವುದಿಲ್ಲ. ಒಳಗೆ ಮಗು ಮಲಗಿದೆ ಎಂಬಂತೆ ಮೆಲ್ಲಗೆ ಹಾಕುತ್ತಾರೆ. ನಿನ್ನೆ ಒಬ್ಬಾಕೆ ಮಾತ್ರ ಬಿಲ್ಲೆ ಓದಿ ತಡೆದಳು.

"ಎಲ್ಡರ್ ಅಂದ್ರೆ ಹಿರಿಯ ಅಲ್ವಾ? ವಯಸ್ಸೆಷ್ಟಪ್ಪಾ?"

"ಇಪ್ಪತ್ತು."

"ಓಹೋ, ಹಿರಿಯರೇ! ಮೊದಲು ಆ ಟೋಪಿ ಕಿವಿಗೆ ಎಳ್ಕೊಳ್ಳಿ. ಕಿವಿ ಉದುರಿಹೋದ್ರೆ ದೇವರ ಮಾತು ಯಾವುದರಲ್ಲಿ ಕೇಳ್ತೀರಿ?"

ಎಳೆದುಕೊಂಡೆ. ಇಡೀ ದಿನದಲ್ಲಿ ಫಲ ಕೊಟ್ಟ ಉಪದೇಶ ಅದೊಂದೇ, ಅದೂ ಅವಳು ನನಗೆ ಮಾಡಿದ್ದು.

ಇಲ್ಲಿ ನಾನು ಯಾರನ್ನಾದರೂ ನೋಡಬೇಕಿದ್ದರೆ ತಿಳಿಸಿ.

ನಿಮ್ಮ ಮಗ,
ಡೆಲ್ವಿನ್


ಕ್ಲೋವರ್ ಬೆಂಚ್, ಐಡಾಹೊ
ಭಾನುವಾರ, 27 ನವೆಂಬರ್ 1988

ಡೆಲ್ವಿನ್,

ಪತ್ರ ತಲುಪಿತು. ಮೂಲೆಯ ಕೊಟ್ಟಿಗೆಯ ಕೆಂಪು ಹಸು ಕರು ಹಾಕಿದೆ. ಹೆಣ್ಣು.

ಒಬ್ಬರಿದ್ದಾರೆ. ಔನೆ ಕೊಕ್ಕೊನೆನ್. ಗುಡ್ಡದ ಕೆಳಗಿನ ಬೀದಿ, ಹಳದಿ ಬಣ್ಣದ ಮರದ ಮನೆ, ಮುಂದೆ ಎರಡು ಬರ್ಚ್ ಮರ. ಬದುಕಿದ್ದರೆ ಎಪ್ಪತ್ತು ದಾಟಿರಬೇಕು.

ಎರಡೂವರೆ ವರ್ಷದಲ್ಲಿ ನಾನು ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ ಎಂಬುದು ನಿನಗೆ ಗೊತ್ತು. ಚರ್ಚಿನಲ್ಲಿ ಉಳಿದವರು ತಮ್ಮ ಮಿಷನ್ನಿನ ಕಥೆ ಹೇಳಲು ಎದ್ದರೆ ನಾನು ಹಸು ನೋಡಲು ಹೊರಡುವುದನ್ನೂ ನೋಡಿದ್ದೀಯ. ಒಬ್ಬರು ಒಪ್ಪಿದ್ದರು. ಅದು ಇವಳೇ. ವಿಧವೆ. ಎಂಟು ತಿಂಗಳು, ವಾರಕ್ಕೆ ಎರಡು ಸಲ ಅವಳ ಅಡುಗೆಮನೆಯಲ್ಲಿ ಕೂತು ಪಾಠ ಹೇಳಿದೆವು. ಒಬ್ಬನೇ ಮಗ, ತೌನೊ, ಹದಿನೇಳು ವರ್ಷದವನು. ಬೇಸ್‌ಬಾಲ್ ಎಸೆಯುವುದನ್ನು ನಾನೇ ಕಲಿಸಿದ್ದೆ. 1959ರ ಏಪ್ರಿಲ್ ಕೊನೆಗೆ ಐಸು ಸಡಿಲವಾಗಿದ್ದಾಗ ಸರೋವರ ದಾಟಲು ಹೋಗಿ ಮುಳುಗಿದ. ಮಣ್ಣಿಗೂ ಹೋಗಿದ್ದೆವು, ಆಮೇಲೆ ಮನೆಗೂ. ಅವಳ ದೀಕ್ಷಾಸ್ನಾನಕ್ಕೆ ಜೂನ್ ಮೊದಲ ಶನಿವಾರ ಮೊದಲೇ ನಿಗದಿಯಾಗಿತ್ತು. ದಿನ ಬದಲಿಸುವ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ದುಃಖದಲ್ಲಿದ್ದಾಳೆ ಎಂದು ಆ ತಿಂಗಳು ಮನೆಗೆ ಹೋಗಲಿಲ್ಲ.

ಆ ಶನಿವಾರ ಬಿಳಿ ಬಟ್ಟೆ ಹಾಕಿಕೊಂಡು ಸರೋವರಕ್ಕಿಳಿದು ಸೊಂಟದ ಮಟ್ಟದ ನೀರಿನಲ್ಲಿ ಹತ್ತರಿಂದ ಹನ್ನೆರಡರವರೆಗೆ ನಿಂತಿದ್ದೆ. ಬರಲಿಲ್ಲ. ಮನೆಗೆ ಹೋಗಿ ತಟ್ಟಿದೆ, ತೆರೆಯಲಿಲ್ಲ. ಮುಂದಿನ ವಾರ ನನಗೆ ವರ್ಗವಾಯಿತು.

ಮಗ ಮುಳುಗಿದ ನೀರಿಗೇ ತಾಯಿಯನ್ನು ಕರೆದಿದ್ದೆ. ಇಪ್ಪತ್ತೊಂದು ವರ್ಷದ ದಡ್ಡನಿಗೆ ಅದು ಹೊಳೆಯಲಿಲ್ಲ. ಅದೇ ಕಾರಣ ಎಂದು ಮೂವತ್ತು ವರ್ಷದಿಂದ ಅಂದುಕೊಂಡಿದ್ದೇನೆ. ಅವಳ ಬಾಯಿಂದ ಕೇಳಿಲ್ಲ. ಯಾಕೆ ಬರಲಿಲ್ಲ ಎಂದು ಕೇಳು. ಏನೇ ಹೇಳಿದರೂ ಬರೆ.

ವಿ. ಟ್ಯೂಲರ್


ಕುವೋಪಿಯೊ
ಸೋಮವಾರ, 12 ಡಿಸೆಂಬರ್ 1988

ಅಪ್ಪನಿಗೆ,

ಮನೆ ಸಿಕ್ಕಿತು. ಹಳದಿ ಈಗ ಬೂದು. ಬರ್ಚ್ ಒಂದೇ ಉಳಿದಿದೆ. ಬಾಗಿಲು ತೆರೆದ ಮುದುಕಿ ನನ್ನ ಬಿಲ್ಲೆ ನೋಡಿ, ಒಳಗೆ ಹೋಗಿ ಕನ್ನಡಕ ತಂದಳು, ಓದಿದಳು, ಕನ್ನಡಕ ತೆಗೆದಳು.

"ಔನೆ ಕೊಕ್ಕೊನೆನ್ ಅವರು ಇದ್ದಾರಾ?" ಎಂದೆ.

"ಕೆಲವು ದಿನ ಇರ್ತಾಳೆ."

"ಇವತ್ತು?"

"ಇವತ್ತು ಹಿಮ ಬೀಳ್ತಿದೆಯಲ್ಲ."

ಬಾಗಿಲು ಮೆಲ್ಲಗೆ ಮುಚ್ಚಿತು. ಈ ಸಾವೊ ಸೀಮೆಯವರ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಅರ್ಥ ಮಾಡಿಕೊಳ್ಳುವ ಹೊಣೆ ಕೇಳಿದವನದೇ ಎಂದು ನೀವು ಹೇಳುತ್ತಿದ್ದಿರಿ. ಪಲ್ಸಿಫರ್ ಆ ಹೊಣೆ ಹೊರಲು ತಯಾರಿರಲಿಲ್ಲ. "ಬೇಡ ಅಂದ್ಲು ಕಣೋ, ಇನ್ನೇನು ಬಾಯಿ ಬಿಟ್ಟು ಅಳ್ಬೇಕಾ?" ಎಂದ. ನನಗೆ ಮಾತ್ರ ಹಿಮದ ವಿಷಯವನ್ನು ಅವಳು ಸುಮ್ಮನೆ ಎತ್ತಲಿಲ್ಲ ಎನಿಸಿತು. ಮರುದಿನ ಸಲಿಕೆ ಕೇಳಿ ತಂದು ಅವಳ ಅಂಗಳದ ಹಿಮ ತೆಗೆದೆವು. ಕಿಟಕಿಯ ಪರದೆ ಒಮ್ಮೆ ಸರಿಯಿತು, ಮತ್ತೆ ಮುಚ್ಚಿತು.

ಹಿಮ ಬಿದ್ದ ದಿನವೆಲ್ಲ ಹೋಗುತ್ತಿದ್ದೇವೆ. ನಿನ್ನೆ ಮೆಟ್ಟಿಲ ಮೇಲೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದಳು. ಪಲ್ಸಿಫರನಿಗೆ ಅವಳ ಮೇಲೆ ಗೌರವ ಬಂದಿದೆ.

ನಿಮ್ಮ ಮಗ,
ಡೆಲ್ವಿನ್


ಕ್ಲೋವರ್ ಬೆಂಚ್
ಭಾನುವಾರ, 22 ಜನವರಿ 1989

ಡೆಲ್ವಿನ್,

ಜನವರಿ ಒಂಬತ್ತರ ಪತ್ರದಲ್ಲಿ ಮೂರು ಹಾಳೆ ಬರೆದಿದ್ದೀಯ. ಹಿಮದ ಬಗ್ಗೆ ಒಂದು, ರೊಟ್ಟಿಯೊಳಗೆ ಮೀನು ತುಂಬಿ ಬೇಯಿಸುವುದರ ಬಗ್ಗೆ ಒಂದು, ಪಲ್ಸಿಫರನ ನೆಗಡಿಯ ಬಗ್ಗೆ ಒಂದು. ಹಿಮ ಐಡಾಹೊದಲ್ಲೂ ಇದೆ.

ಅವಳು ಒಳಗೆ ಕರೆದಿದ್ದಾಳೆ. ಕರೆಯದೆ ಇದ್ದಿದ್ದರೆ ಕರೆಯಲಿಲ್ಲ ಎಂದು ನೀನು ಬರೆಯುತ್ತಿದ್ದೆ. ಒದೆಯುವ ಹಸು ಎಂದು ಗೊತ್ತಾದ ಮೇಲೆ ಸುತ್ತಮುತ್ತ ಓಡಾಡಿ ಫಲವಿಲ್ಲ. ಬರೆ.

ವಿ. ಟ್ಯೂಲರ್


ಕುವೋಪಿಯೊ
ಸೋಮವಾರ, 6 ಫೆಬ್ರವರಿ 1989

ಅಪ್ಪನಿಗೆ,

ಒದೆ ಬೀಳುವುದು ನಿಮಗೆ, ನನಗಲ್ಲ. ಅದಕ್ಕೇ ತಡಮಾಡಿದೆ.

ಕ್ರಿಸ್‌ಮಸ್ ಮುಗಿದ ವಾರ ಅವಳು ಕಿಟಕಿಯ ಗಾಜು ತಟ್ಟಿ ಒಳಗೆ ಕರೆದಳು. ಮೇಜಿನ ಮೇಲೆ ಮೂರು ಕಪ್, ಮೂರು ಸಾಸರ್ ಇಟ್ಟಳು, ಏಲಕ್ಕಿ ಹಾಕಿದ ಬನ್ನು ಇಟ್ಟಳು, ಒಲೆಯ ಕಡೆ ತಿರುಗಿದಳು. ನಾನು ನನ್ನ ಕಪ್ ಬೋರಲು ಹಾಕಿದೆ. ಯೋಚಿಸಿ ಮಾಡಿದ್ದಲ್ಲ, ಕೈಯೇ ಮಾಡಿತು. ಹೊರಗಡೆ ಊಟಕ್ಕೆ ಕೂತರೆ ನಮ್ಮವರು ಮೊದಲು ಮಾಡುವುದೇ ಅದು. ಕಾಫಿ ತಂದವರು ಕೇಳುವುದೂ ತಪ್ಪುತ್ತದೆ, ನಾವು ಬೇಡ ಎನ್ನುವುದೂ ತಪ್ಪುತ್ತದೆ ಎಂದು ಅಜ್ಜಿ ನಿಮಗೆ ಕಲಿಸಿದರು, ನೀವು ನಮಗೆ ಕಲಿಸಿದಿರಿ. ಪಲ್ಸಿಫರನೂ ಬೋರಲು ಹಾಕಿದ.

ಅವಳು ಕಾಫಿಯ ಕೆಟಲ್ ಹಿಡಿದು ತಿರುಗಿದವಳು ಅಲ್ಲೇ ನಿಂತಳು.

"ಬಿಲ್ಲೆ ಓದಿದಾಗ ಟ್ಯೂಲರ್‌ನ ಮಗ ಇರಬಹುದು ಅಂದ್ಕೊಂಡಿದ್ದೆ," ಎಂದಳು. "ಈಗ ಕೈ ನೋಡಿ ಖಾತ್ರಿ ಆಯ್ತು."

ನೀವು ಕೇಳು ಎಂದದ್ದನ್ನು ಕೇಳಿದೆ. ನೀರಿನ ವಿಷಯ ನೀವು ಅಂದುಕೊಂಡಿದ್ದನ್ನೂ ಹೇಳಿದೆ.

"ಸರೋವರ ಏನು ಮಾಡ್ತು ಪಾಪ? ಬೇಸಿಗೇಲಿ ನಾನು ದಿನಾ ಈಜೋದು ಅದರಲ್ಲೇ. ಮಗ ಅಲ್ಲಿದ್ದಾನೆ ಅನ್ಸುತ್ತೆ, ಹೋಗಿ ಬರ್ತೀನಿ." ಕೂತಳು. "ಮಣ್ಣು ಮಾಡಿ ಬಂದ ದಿನ ಇದೇ ಮೇಜಲ್ಲಿ ಎಲ್ರಿಗೂ ಕಾಫಿಗೆ ಇಟ್ಟೆ. ತೌನೊದು ಅಂತ ಒಂದು ಕಪ್ ಇತ್ತು, ನೀಲಿ ಅಂಚಿಂದು. ಬೇರೆ ಯಾರೂ ಮುಟ್ತಿರಲಿಲ್ಲ. ಅದನ್ನ ನಿಮ್ಮಪ್ಪನ ಮುಂದೆ ಇಟ್ಟೆ. ನನ್ನ ಅಕ್ಕ, ಭಾವ, ಪಾದ್ರಿ, ಎಲ್ರೂ ನೋಡ್ತಾನೇ ಇದ್ರು, ಇವಳ್ಯಾಕೆ ಈ ಅಮೆರಿಕದ ಹುಡುಗನಿಗೆ ಮಗನ ಕಪ್ ಕೊಡ್ತಾಳೆ ಅಂತ. ಅವನು ಏನು ಮಾಡ್ದ? ಎತ್ತಿ ಬೋರಲು ಹಾಕ್ದ."

"ನಮ್ಮ ಧರ್ಮದಲ್ಲಿ ಕಾಫಿ ಕುಡಿಯೋ ಹಾಗಿಲ್ಲ ಅಮ್ಮಾ, ಅದಕ್ಕೇ..." ಎಂದೆ.

"ನನಗೇ ಹೇಳ್ಕೊಡ್ತೀಯಾ? ಎಂಟು ತಿಂಗಳು ಅದೇ ಪಾಠ ಕೇಳಿದ್ದೀನಿ. ನಮ್ಮ ಕಡೆ ಸಾಕು ಅನ್ನಿಸಿದವರು ಕಪ್ ಬೋರಲು ಹಾಕ್ತಾರೆ. ಕುಡಿದು ಹಾಕಿದ್ರೆ ಹೊಟ್ಟೆ ತುಂಬ್ತು ಅಂತ. ಕುಡಿಯೋಕೆ ಮುಂಚೇನೇ ಹಾಕಿದ್ರೆ ನಿಮ್ಮ ಮನೆ ಸಹವಾಸ ಸಾಕು ಅಂತ. ನನ್ನ ಬಲಗೈಲಿ ಕಾಫಿ ಇತ್ತು. ಎಡಗೈಲಿ ಏನಿದೆ ಅಂತ ಅವನು ನೋಡ್ಲೇ ಇಲ್ಲ."

"ಏನಿತ್ತು?"

"ಹಾಲಿನ ಜಗ್. ಅವನಿಗೆ ಅಂತ."

ಮೇಲಿನ ಕಪಾಟಿನ ಕಡೆ ಕೈ ತೋರಿಸಿದಳು. ನೀಲಿ ಅಂಚಿನ ಕಪ್ ಅಲ್ಲಿ ಈಗಲೂ ಬೋರಲಾಗಿಯೇ ಇದೆ. ನಾನು ನೋಡುತ್ತಿದ್ದುದನ್ನು ಕಂಡು, "ಏನಿಲ್ಲ, ಧೂಳು ಕೂರಲ್ಲ ಅಂತ" ಎಂದಳು. ಆಮೇಲೆ, "ನನ್ನ ಮಗನ ಕಪ್ ಮಗುಚಿದವನ ಕೈ ಹಿಡ್ಕೊಂಡು ನೀರಿಗೆ ಇಳೀಬೇಕಿತ್ತಾ? ನೀನೇ ಹೇಳು" ಎಂದಳು.

ಅಷ್ಟರಲ್ಲಿ ಅವಳು ತನಗೆ ಬಗ್ಗಿಸಿಕೊಂಡಿದ್ದ ಕಾಫಿ ಆರಿಹೋಗಿತ್ತು. ತಣ್ಣಗಿದೆಯಲ್ಲ ಎಂದು ಪಲ್ಸಿಫರ್ ಮರುಗಿದ. "ತಣ್ಣನೆ ಕಾಫಿ ಕುಡಿದ್ರೆ ರೂಪ ಬರುತ್ತಂತೆ," ಎಂದಳು. "ಎಪ್ಪತ್ತನಾಲ್ಕು ಆಯ್ತು. ಇನ್ನೂ ಕಾಯ್ತಾ ಇದ್ದೀನಿ."

ಇಷ್ಟೇ. ಸುತ್ತಿ ಬಳಸಿ ಬರೆಯುವುದು ನನಗೆ ಬರುತ್ತದೆ ಎಂದು ನಿಮಗೆ ಗೊತ್ತು. ಇದನ್ನು ಹಾಗೆ ಬರೆಯಲಾಗಲಿಲ್ಲ.

ನಿಮ್ಮ ಮಗ,
ಡೆಲ್ವಿನ್


ಕ್ಲೋವರ್ ಬೆಂಚ್
ಭಾನುವಾರ, 19 ಫೆಬ್ರವರಿ 1989

ನನ್ನ ಕಂದ ಡೆಲ್,

ನಿನ್ನ ಪತ್ರ ಬುಧವಾರ ಬಂತು. ನಿಮ್ಮಪ್ಪ ನಿಂತುಕೊಂಡೇ ಓದಿ, ಮಡಿಸಿ ಜೇಬಿಗಿಟ್ಟರು. "ಏನಂತೆ?" ಎಂದೆ. "ಹಾಲು," ಎಂದರು. ಹಾಲಿನ ಬೆಲೆ ಇಳಿಯಿತೇನೋ ಎಂದುಕೊಂಡು ನಾನೂ ಸುಮ್ಮನಾದೆ. ಮೂರು ದಿನ ಹಸುಗಳ ಜೊತೆಗೂ ಮಾತಿಲ್ಲ. ನಿನ್ನೆ ಪತ್ರವನ್ನು ನನ್ನ ಕೈಗಿಟ್ಟು ಕೊಟ್ಟಿಗೆಗೆ ಹೋದರು.

ಮದುವೆಯಾದ ಲಾಗಾಯ್ತು ನಾನು ಆ ಸರೋವರದ ಜೊತೆ ಸಂಸಾರ ಮಾಡಿದ್ದೇನೆ, ಡೆಲ್. ನಿಮ್ಮಪ್ಪ ನಿಮ್ಮಲ್ಲಿ ಒಬ್ಬರಿಗೂ ಈಜು ಕಲಿಯಲು ಬಿಡಲಿಲ್ಲ. ಬೇರೆ ಮಕ್ಕಳು ಕಾಲುವೆಗೆ ಹೋದರೆ ನೀವು ದಡದಲ್ಲಿ ಬಟ್ಟೆ ಕಾಯುತ್ತಿದ್ದಿರಿ. ಈಗ ಅದು ನೀರಿನ ವಿಷಯವೇ ಅಲ್ಲ ಎಂದರೆ ಯಾರ ಮೇಲೆ ಕೋಪ ಮಾಡಿಕೊಳ್ಳಲಿ?

ಆ ಹೆಂಗಸಿನ ಮೇಲಂತೂ ಆಗುವುದಿಲ್ಲ. ಸಾವಿನ ಮನೆಗೆ ನಾನು ಒಯ್ಯುವ ಚೀಸ್ ಆಲೂಗಡ್ಡೆಯ ಮುಂದೆ ಯಾರಾದರೂ ತಟ್ಟೆ ಬೋರಲು ಹಾಕಿದ್ದರೆ ನಾನೂ ಅವನ ಕೈ ಹಿಡಿಯುತ್ತಿರಲಿಲ್ಲ. ಕಾಲುಚೀಲಕ್ಕೆ ನನ್ನ ಥ್ಯಾಂಕ್ಸ್ ಹೇಳು. ಬರೆದದ್ದು ಒಳ್ಳೆಯದಾಯಿತು.

ನಿನ್ನ ಅಮ್ಮ,
ಲರೂ

(ಈ ಸಲ ನಿಮ್ಮಪ್ಪ ಕೆಳಗೆ ಸಹಿ ಹಾಕಲಿಲ್ಲ. ತಾವೇ ಬರೆಯುತ್ತಾರಂತೆ.)


ಕ್ಲೋವರ್ ಬೆಂಚ್
ಭಾನುವಾರ, 5 ಮಾರ್ಚ್ 1989

ಡೆಲ್ವಿನ್,

ಅವಳು ಹೇಳಿದ್ದು ನಿಜ. ಎಡಗೈ ನೋಡಲಿಲ್ಲ.

ಅದು ತೌನೊನ ಕಪ್ ಎಂದು ಗೊತ್ತಿತ್ತು. ಎಂಟು ತಿಂಗಳು ಅವನು ಅದರಲ್ಲೇ ಕುಡಿಯುವುದನ್ನು ಎದುರಿಗೆ ಕೂತು ನೋಡಿದ್ದೆ. ಆ ಹೊತ್ತಿನಲ್ಲಿ ಅವರ ಚರ್ಚಿನ ಪಾದ್ರಿ ನನ್ನನ್ನೇ ನೋಡುತ್ತಿದ್ದ. ನಮ್ಮ ನಿಯಮ ಎಷ್ಟು ಗಟ್ಟಿ ಎಂದು ಅವನಿಗೆ ತೋರಿಸಬೇಕು ಅನ್ನಿಸಿತ್ತು. ಕಪ್ಪನ್ನು ಸ್ವಲ್ಪ ಶಬ್ದ ಬರುವ ಹಾಗೇ ಇಟ್ಟೆ. ಇದನ್ನು ನಿಮ್ಮಮ್ಮನಿಗೂ ಹೇಳಿರಲಿಲ್ಲ. ಕೇಳಿದ್ದರೆ ಮರೆತಿದ್ದೆ ಎನ್ನುತ್ತಿದ್ದೆ. ಮರೆತಿರಲಿಲ್ಲ, ಅದಕ್ಕಿಂತ ನೀರಿನ ಮೇಲೆ ಹೊರಿಸುವುದು ಹಗುರವಾಗಿತ್ತು.

ನನಗೆ ಗೊತ್ತಿರಲಿಲ್ಲ ಎಂದು ಅವಳಿಗೆ ಹೇಳಬೇಡ. ಸುಳ್ಳಾಗುತ್ತದೆ. ತಪ್ಪಾಯಿತು ಎಂದು ಹೇಳು. ಅದನ್ನು ಫಿನ್ನಿಷ್ ಭಾಷೆಯಲ್ಲಿ ಹೇಳುವುದು ಹೇಗೆಂದು ಮರೆತುಹೋಗಿದೆ. ಇಲ್ಲದಿದ್ದರೆ ನಾನೇ ಬರೆಯುತ್ತಿದ್ದೆ.

ಅಪ್ಪ


ಕುವೋಪಿಯೊ
ಸೋಮವಾರ, 20 ಮಾರ್ಚ್ 1989

ಅಪ್ಪನಿಗೆ,

ಶನಿವಾರ ಹೋಗಿದ್ದೆವು. ನಿಮ್ಮ ಪತ್ರವನ್ನು ಪಾದ್ರಿಯ ಮಾತು, ಶಬ್ದದ ಮಾತು ಸಮೇತ ಅವಳ ಭಾಷೆಗೆ ತಿರುಗಿಸಿ ಓದಿದೆ.

ಮುಗಿದ ಮೇಲೆ ಕುರ್ಚಿ ಹತ್ತಿ ಆ ಕಪ್ ಇಳಿಸಿದಳು. ಪಲ್ಸಿಫರ್ ಕುರ್ಚಿ ಹಿಡಿದುಕೊಂಡ. ತೊಳೆದಳು, ಒರೆಸಿದಳು, ತಂದು ನನ್ನ ಮುಂದೆ ನೆಟ್ಟಗೆ ಇಟ್ಟಳು. ಒಲೆಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಳು, ಬೇಕೆಂದೇ ಬಹಳ ಹೊತ್ತು. ಪಲ್ಸಿಫರನ ಕೈ ಅಭ್ಯಾಸಬಲದಿಂದ ತನ್ನ ಕಪ್ಪಿನ ಕಡೆ ಹೊರಟಿತು. ಮೇಜಿನ ಕೆಳಗೆ ಅವನ ಕಾಲು ತುಳಿದೆ.

ತಿರುಗಿದಳು. ಬಲಗೈಯಲ್ಲಿ ಕೆಟಲ್, ಎಡಗೈಯಲ್ಲಿ ಜಗ್.

"ಪರವಾಗಿಲ್ಲ," ಎಂದಳು, "ಈ ಹಿರಿಯರಿಗೆ ತಾಳ್ಮೆ ಇದೆ."

ಹಾಲು ತುಂಬಿಸಿದಳು. ಕುಡಿದೆ. ನಾನು ಕುಡಿದು ಮುಗಿಸುವವರೆಗೂ ಅವಳು ಕೂರಲಿಲ್ಲ. ಕೊನೆಗೆ ಕೂತು, "ತಪ್ಪಾಯ್ತು ಅನ್ನೋಕೆ ಮೂವತ್ತು ವರ್ಷ ತಗೊಂಡ. ಅದನ್ನೂ ಮಗನ ಕೈಲಿ ಹೇಳಿಸ್ದ. ಯಾಕೆ, ಅವನಿಗೆ ಕಾಲಿಲ್ವಂತಾ?" ಎಂದಳು.

ಅರ್ಥ ಮಾಡಿಕೊಳ್ಳುವ ಹೊಣೆ ಕೇಳಿದವನದು ಎಂದು ನಿಮಗೆ ಗೊತ್ತಿರುವುದರಿಂದ ಹಾಗೇ ದಾಟಿಸುತ್ತಿದ್ದೇನೆ. ನಾನಂತೂ ಈ ಗುರುವಾರ ಔಲು ಪಟ್ಟಣಕ್ಕೆ ವರ್ಗವಾಗಿ ಹೋಗುತ್ತಿದ್ದೇನೆ. ಅವಳಿಗೆ ನಾವು ಹೊಸದಾಗಿ ಯಾವ ಪಾಠವನ್ನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನನ್ನ ವರದಿಯಲ್ಲಿ ಕುವೋಪಿಯೊದ ನಾಲ್ಕು ತಿಂಗಳು ಖಾಲಿ.

ಹೊರಡುವಾಗ ನೋಡಿದೆ. ಕಪ್ಪನ್ನು ಕಪಾಟಿನಲ್ಲಿ ನೆಟ್ಟಗೆ ಇಟ್ಟಿದ್ದಳು. "ಧೂಳು ಕೂರುತ್ತಲ್ಲ?" ಎಂದೆ.

"ಒರೆಸಿದ್ರಾಯ್ತು," ಎಂದಳು.

ನಿಮ್ಮ ಮಗ,
ಡೆಲ್ವಿನ್


ಕ್ಲೋವರ್ ಬೆಂಚ್
ಭಾನುವಾರ, 16 ಏಪ್ರಿಲ್ 1989

ಡೆಲ್ವಿನ್,

ಇಲ್ಲಿ ಹಿಮ ಕರಗಿ ಕೆಸರು. ಕೆಂಪು ಹಸುವಿನ ಕರು ಬೇಲಿ ಹಾರುವುದನ್ನು ಕಲಿತಿದೆ.

ಮೊನ್ನೆ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿದೆ. ಕಿವಿ ದೊಡ್ಡದಾಗಿ ಬಂದಿದೆ. ನವೆಂಬರಿನಲ್ಲಿ ನಿನ್ನ ಎರಡು ವರ್ಷ ಮುಗಿಯುತ್ತದೆ. ಹಸುಗಳನ್ನು ಎರಡು ವಾರ ನಿನ್ನ ಚಿಕ್ಕಪ್ಪ ನೋಡಿಕೊಳ್ಳುತ್ತಾನೆ.

ಶುಕ್ರವಾರ ಪೊಕಟೆಲ್ಲೊದ ಹೋಟೆಲಿನಲ್ಲಿ ಹೈನುಗಾರರ ವಾರ್ಷಿಕ ಊಟವಿತ್ತು. ಪ್ರತಿ ವರ್ಷದಂತೆ ನಮ್ಮ ಚರ್ಚಿನ ವಾರ್ಡಿನವರೆಲ್ಲ ಒಂದೇ ಮೇಜು. ಕೂತ ಕೂಡಲೇ ಎಲ್ಲರೂ ಕಪ್ ಬೋರಲು ಹಾಕಿದರು, ಒಂದರ ಹಿಂದೆ ಒಂದು, ಟಕ್ ಟಕ್ ಎಂದು. ನಾನು ಹಾಕಲಿಲ್ಲ. ನಿಮ್ಮಮ್ಮ ನನ್ನ ಕಪ್ ನೋಡಿದಳು, ತನ್ನದನ್ನು ನೋಡಿದಳು, ತನ್ನದನ್ನು ಎತ್ತಿ ನೆಟ್ಟಗೆ ಇಟ್ಟಳು. ಅಷ್ಟಕ್ಕೇ ಮೇಜಿನವರೆಲ್ಲ ನಮ್ಮ ಕಡೆ ತಿರುಗಿದರು.

"ವರ್ಲ್, ಮರೆತ್ಯೇನಯ್ಯಾ?" ಎಂದರು ಬಿಷಪ್. ನಕ್ಕೇ ಕೇಳಿದರು, ಆದರೆ ಭಾನುವಾರ ಕರೆಸಿ ಕೇಳುವವರ ನಗೆ ಅದು. ಇವತ್ತು ಕರೆಸಿದರು ಕೂಡ.

"ಇಲ್ಲ, ನೆನಪಿದೆ," ಎಂದೆ.

ಕಾಫಿ ಹಿಡಿದು ಬಂದ ಹುಡುಗಿ ನಮ್ಮ ಮೇಜು ಕಂಡು ದಾಟಿ ಹೋಗುತ್ತಿದ್ದವಳು, ನೆಟ್ಟಗಿದ್ದ ಎರಡು ಕಪ್ ನೋಡಿ ನಿಂತಳು.

"ನಿಮ್ಮವರೆಲ್ಲ ಮೊದ್ಲೇ ಮಗುಚಿಬಿಡ್ತಾರಲ್ಲ ಸರ್. ನೀವ್ಯಾಕೆ ಹಾಗೇ ಬಿಟ್ಟಿದ್ದೀರಾ?"

"ನಿನ್ನ ಇನ್ನೊಂದು ಕೈಲಿ ಏನಿದೆ ಅಂತ ನೋಡೋಣ ಅಂತಮ್ಮಾ," ಎಂದೆ.

ಎತ್ತಿ ತೋರಿಸಿದಳು. ಮೇಜು ಒರೆಸುವ ಬಟ್ಟೆ ಇತ್ತು.

ನಿನ್ನ ಅಪ್ಪ,
ವರ್ಲ್